ಬಿಳಿ ಕುದುರೆ ಮತ್ತು ಸೋನವ್ವನ ಹಗೇವು

ಹೊಲ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ನನ್ನನ್ನು ನೋಡಲು ಬಂದರೆ, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಮೊದಲು ಕೇಳುತ್ತೇನೆ. ಐದಕ್ಕೆ ಎಂದವರಿಗೆ ಚಹಾ ಕೊಡುತ್ತೇನೆ. ಏಳಕ್ಕೆ ಎಂದವರಿಗೂ ಕೊಡುತ್ತೇನೆ, ಆದರೆ ಅದರ ಜೊತೆ ಉಪದೇಶವೂ ಇರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ನಾಲ್ಕು ವರ್ಷ ಅಳತೆ ಮಾಡಿದ್ದೇನೆ. ಅಳತೆಗೆ ನಮ್ಮ ಕಡೆ ಮೋಜಣಿ ಎನ್ನುತ್ತಾರೆ. ಹಾಗಾಗಿ ಜನರಿಗೆ ನಾನು ಮೋಜಣಿ ಸಾಹೇಬ. ನನ್ನ ಮಟ್ಟಿಗೆ ನಾನು ಲೇಖಕ. ಈ ಎರಡನೆಯ ಸಂಗತಿಯನ್ನು ಬಹಳ ವರ್ಷ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ದಿನ ಏನಾಯಿತು ಎಂಬುದು ಹೊಸಬರಿಗೆ ಉಪಯೋಗಕ್ಕೆ ಬಂದೀತು.

ನಾನು ಬರೆದದ್ದು ಒಂದೇ ಪುಸ್ತಕ. ನಾಲ್ಕು ತಾಲ್ಲೂಕುಗಳ ಕೋಟೆ, ವಾಡೆ, ಹುಡೇವುಗಳ ಅಳತೆ ಮತ್ತು ಅವುಗಳ ಕಥೆಗಳು. ಹುಡೇವು ಅಂದರೆ ಊರೊಳಗಿನ ಗುಂಡನೆಯ ಕಾವಲು ಬುರುಜು. ಕೆಳಗೆ ಕಲ್ಲು, ಮೇಲೆ ಮಣ್ಣು, ತುದಿಯಲ್ಲಿ ಒಂದು ಕಾಲಕ್ಕೆ ಕಾವಲುಗಾರ, ಈಗ ಪಾರಿವಾಳ. ಐನೂರು ಪ್ರತಿ ಅಚ್ಚು ಹಾಕಿಸಿದೆ. ಹೋದ ಹೋದ ಮದುವೆಗಳಲ್ಲಿ ಆಯೇರಿ, ಅಂದರೆ ಉಡುಗೊರೆ, ಎಂದು ಕೊಟ್ಟೆ. ಅವರು ಟೋಪಿ, ಟವೆಲು ನಿರೀಕ್ಷಿಸಿದ್ದರು. ಉಳಿದ ಎರಡು ಕಟ್ಟುಗಳನ್ನು ನನ್ನ ಹೆಂಡತಿ ಪ್ರತಿ ಬೇಸಿಗೆಯಲ್ಲಿ ಶಾವಿಗೆ ಮಣೆಯ ಒಂದು ತುದಿಗೆ ಆಸರೆಯಾಗಿ ಇಡುತ್ತಾಳೆ. "ಎತ್ತರ ಬರೋಬರಿ ಅದ ನೋಡ್ರಿ," ಎನ್ನುತ್ತಾಳೆ. "ಇನ್ನೊಂದು ಪುಸ್ತಕ ಮಾತ್ರ ಬರೀಬ್ಯಾಡ್ರಿ, ಮಣಿ ಮ್ಯಾಲಾಗ್ತದ."

ಈ ಹುಚ್ಚು ಹತ್ತಿದ್ದು ಕೆಲಸದಿಂದಲೇ. ಆಗ ಅಳತೆ ಎಂದರೆ ಕಬ್ಬಿಣದ ಸರಪಳಿ. ಎರೆ ಹೊಲದಲ್ಲಿ ದಿಕ್ಕು ಹಿಡಿಯಲು ದೂರಕ್ಕೆ ಕಾಣುವ ಒಂದು ಗುರುತು ಬೇಕು. ನಮ್ಮ ಬಯಲಿನಲ್ಲಿ ಹುಡೇವಿಗಿಂತ ಒಳ್ಳೆಯ ಗುರುತಿಲ್ಲ. ಅದರ ಮೇಲೆ ಹತ್ತುತ್ತಿದ್ದೆ, ಗೆರೆ ನೋಡುತ್ತಿದ್ದೆ, ಇಳಿಯುತ್ತಿದ್ದೆ. ಇಳಿದಾಗ ಕೆಳಗೆ ಯಾರಾದರೂ ಕೂತಿರುತ್ತಿದ್ದರು. "ಮ್ಯಾಲ ರಾಣಿ ಕಂಡ್ಳೇನ್ರಿ?" ಎನ್ನುತ್ತಿದ್ದರು. ಯಾವ ರಾಣಿ ಎಂದು ಕೇಳಿದರೆ ಕಥೆ ಶುರು. ಬರೆದುಕೊಳ್ಳಲು ಬೇರೆ ಕಾಗದ ಇರುತ್ತಿರಲಿಲ್ಲ. ಹೊಲದ ಅಳತೆ ಬರೆಯುವ ಪುಸ್ತಕದ ಷರಾ ಕಾಲಮಿನಲ್ಲೇ ಬರೆದುಬಿಡುತ್ತಿದ್ದೆ.

ಅದು ನನ್ನ ಮೊದಲ ಪ್ರಕಟಣೆ. ಮೊದಲ ವಿಮರ್ಶಕರು ನನ್ನ ಮೇಲಧಿಕಾರಿ. ತಪಾಸಣೆಯ ದಿನ ಅವರು ಪುಸ್ತಕ ತೆರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು: "ಬದುವಿನ ವಾಯವ್ಯ ಮೂಲೆಯಲ್ಲಿ ರಾಣಿಯು ಜಿಗಿದು ಪ್ರಾಣ ಬಿಟ್ಟಳು." ಕನ್ನಡಕ ತೆಗೆದರು. "ಕುಲಕರ್ಣೇರ, ಈ ರಾಣಿ ಎಷ್ಟು ಗುಂಟೆ ಬರ್ತಾಳ್ರಿ?"

ಕಚೇರಿಯಲ್ಲಿ ಆರು ತಿಂಗಳು ನನ್ನ ಹೆಸರು ರಾಣಿ ಗುಂಟೆ.

ನಾನು ಹೆದರಲಿಲ್ಲ, ಶಿಸ್ತು ತಂದೆ. ವಿದ್ಯಾರ್ಥಿ ನಿಲಯದಲ್ಲಿ ಬೆಳೆದವನು ನಾನು. ಅಲ್ಲಿ ದಿನಚರಿ ಬರೆಯದವನಿಗೆ ಊಟವಿರಲಿಲ್ಲ. ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ಕಥೆಗಳಿಗಾಗಿ ಬೇರೆ ಪುಸ್ತಕ ಇಟ್ಟೆ, ನಿಯಮ ಮಾಡಿದೆ. ಮೊದಲು ಟೇಪು ಹಿಡಿದು ಕಟ್ಟಡ ಅಳೆಯಬೇಕು. ಆಮೇಲೆ ಊರಿನ ಮೂವರು ಹಿರಿಯರನ್ನು ಬೇರೆ ಬೇರೆ ಕೂರಿಸಿ ಕೇಳಬೇಕು. ಮೂವರ ಮಾತೂ ಕೂಡಿದರೆ ಮಾತ್ರ ಬರೆಯಬೇಕು. ಬಹಳ ಒಳ್ಳೆಯ ನಿಯಮ. ಇದನ್ನು ನಾನು ಎಷ್ಟು ಸಲ ಪಾಲಿಸಿದೆ ಎಂದು ಕೇಳಬೇಡಿ.

ನನ್ನ ಜೊತೆ ಸರಪಳಿಯ ಇನ್ನೊಂದು ತುದಿ ಹಿಡಿದವನು ಲಾಲಸಾಬ. ದೇವಣಗಾಂವ ಕಡೆಯವನು, ನನಗಿಂತ ಐದು ವರ್ಷ ದೊಡ್ಡವನು. ಈಗ ನಿಮ್ಮ ಕೈಯಲ್ಲಿರುವ ಕೋಲು ಆಕಾಶದ ಉಪಗ್ರಹವನ್ನು ಕೇಳಿ ಜಾಗ ಹೇಳುತ್ತದೆ. ನಾವು ಲಾಲಸಾಬನನ್ನು ಕೇಳುತ್ತಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಸರಪಳಿ ಎಷ್ಟು ಹಿಗ್ಗುತ್ತದೆ ಎಂಬುದನ್ನು ಅವನು ಬರಿಗೈಯಲ್ಲಿ ಮುಟ್ಟಿ ಹೇಳುತ್ತಿದ್ದ. ಜನ ಯಾವಾಗ ಸುಳ್ಳು ಹೇಳುತ್ತಾರೆ ಎಂಬುದನ್ನು ಮುಟ್ಟದೆಯೇ ಹೇಳುತ್ತಿದ್ದ.

ಒಮ್ಮೆ ಯಂಕಂಚಿಯಿಂದ ನಡೆದು ಬರುವಾಗ ನಾನು ಉತ್ಸಾಹದಿಂದ ಹೇಳಿದೆ, "ಲಾಲಸಾಬ, ನಮ್ಮ ಜನರ ನೆನಪು ನೋಡು. ರಾಜ ಬಿಟ್ಟ ಬಾಣ ಹುಣಸೀ ಗಿಡದಿಂದ ಆರು ಮೊಳ ಆಚೆ ಬಿತ್ತಂತ. ಆರು ಮೊಳ! ಮುನ್ನೂರು ವರ್ಷದ ಹಿಂದಿನ ಮಾತು, ಮೊಳದ ತನಕ ನೆನಪದ."

ಅವನು ಎಲೆ ಅಡಿಕೆ ಉಗುಳಿ ಹೇಳಿದ, "ಸಾಹೇಬ್ರ, ನೀವು ಟೇಪು ಕೈಯಾಗ ಹಿಡ್ಕೊಂಡು ಕಥಿ ಕೇಳ್ತೀರಿ. ಟೇಪು ನೋಡಿದ ಮ್ಯಾಲ ಯಾವಾಂವ ಕಥಿ ಹೇಳ್ತಾನ್ರಿ? ಹದ್ದು ಹೇಳ್ತಾನ."

ಹದ್ದು ಎಂದರೆ ಗಡಿ. ಅವನ ಮಾತು ನನಗೆ ಹಿಡಿಸಲಿಲ್ಲ. ಸಾಹಿತ್ಯ ತಿಳಿಯದವನು ಎಂದುಕೊಂಡೆ. ಈಗ ನನ್ನ ಪುಸ್ತಕ ತೆರೆದು ನೋಡಿದರೆ ನಗು ಬರುತ್ತದೆ. ಅದರಲ್ಲಿನ ಯಾವ ಹುಲಿಯೂ ಸುಮ್ಮನೆ ಸಾಯುವುದಿಲ್ಲ; ಯಾರದೋ ಪೂರ್ವ ದಿಕ್ಕಿನ ಬದುವಿನ ಮೇಲೆಯೇ ಸಾಯುತ್ತದೆ. ರಾಜರು ಬಾಯಾರಿ ನಿಂತದ್ದೆಲ್ಲ ವ್ಯಾಜ್ಯದ ಬಾವಿಗಳ ಮುಂದೆ. ಇಡೀ ಪುಸ್ತಕದಲ್ಲಿ ಒಬ್ಬನೇ ಒಬ್ಬ ರಾಜಕುಮಾರ ಯಾರ ಹೊಲಕ್ಕೂ ಸಂಬಂಧವಿಲ್ಲದ ಜಾಗದಲ್ಲಿ ಸತ್ತಿದ್ದಾನೆ. ಆ ಕಥೆ ಹೇಳಿದವನು ಪರ ಊರಿನವನು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಊರಿನ ಹೆಸರು ಹೇಳುವುದಿಲ್ಲ. ಹಿಂದೊಮ್ಮೆ ಹೇಳಿದ್ದಕ್ಕೆ ಆದದ್ದು ಸಾಕು. ಮೋರಟಗಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತಿತ್ತು ಎಂದರೆ ಸಾಕು.

ಆ ಊರಿನ ಹುಡೇವಿನ ಪಕ್ಕದಲ್ಲಿ ಎರಡು ಮನೆ. ದೊಡ್ಡದು ಬಸಗೊಂಡಪ್ಪ ಗೌಡರದು. ಸಣ್ಣದು ಸೋನವ್ವನದು. ಸೋನವ್ವನಿಗೆ ಆಗ ಮೂವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ, ಒಂದು ಎಮ್ಮೆ ಇತ್ತು. ನಾನು ಊರ ಅಂಚಿನ ಹೊಲ ಮುಗಿಸಿ, ಹುಡೇವು ಅಳೆಯಲು ಬಂದೆ. ಬಸಗೊಂಡಪ್ಪನವರು ಹೊರಸು ಹಾಕಿ ಕೂರಿಸಿದರು. ಕಥೆ ಕೇಳಿದೆ. ಅವರ ಕಣ್ಣು ಒಮ್ಮೆ ನನ್ನ ಟೇಪಿನ ಮೇಲೆ ಹೋಯಿತು, ಒಮ್ಮೆ ಸೋನವ್ವನ ಹಿತ್ತಲಿನ ಆಚೆ ತುದಿಯ ಬೇವಿನ ಗಿಡದ ಮೇಲೆ ಹೋಯಿತು.

"ನಮ್ಮ ಮುತ್ತ್ಯಾನ ಮುತ್ತ್ಯಾ ದೇಸಾಯಿಯ ಬಿಳೀ ಕುದುರೀಗೆ ಔಷಧ ಕೊಟ್ಟಿದ್ದನ್ರಿ. ಕುದುರಿ ಬದುಕಿತು. ದೇಸಾಯಿ ಖುಷಿಯಾಗಿ ಹೇಳಿದ, ಕುದುರಿ ಬಿಡು, ಹುಡೇವು ಸುತ್ತಿ ಅದು ಎಲ್ಲೀ ತನಕ ಹೊಕ್ಕೈತಿ ಅಲ್ಲೀ ತನಕ ನಿಂದು. ಕುದುರಿ ಈ ಬೇವಿನ ಗಿಡದ ತನಕಾ ಹೋತ್ರಿ. ಆಚೀ ಕಡೆ ಕಾಲಿಡಲಿಲ್ಲ. ಈಚೀ ಕಡೆ ಗೇಣು ಬಿಡಲೂ ಇಲ್ಲ."

"ಅಷ್ಟು ಹಳೇ ಕಾಲದಾಗ ಈ ಗಿಡ ಇತ್ತೇನ್ರಿ?"

"ಇದರ ಅವ್ವ ಇತ್ರಿ," ಎಂದರು, ಕಣ್ಣು ಮಿಟುಕಿಸದೆ.

ಅಂಥ ಕಥೆ ನಾನು ಕೇಳಿಯೇ ಇರಲಿಲ್ಲ. ಕುದುರೆಯ ಗೊರಸಿನ ಸದ್ದು, ಏಳುವ ಧೂಳು, ಜೂಲಿನ ಬಿಳುಪು, ಎಲ್ಲವನ್ನೂ ಅವರು ಕಣ್ಣ ಮುಂದೆ ನಿಲ್ಲಿಸಿದರು. ನಿಯಮದ ಪ್ರಕಾರ ಇನ್ನಿಬ್ಬರು ಹಿರಿಯರನ್ನು ಕೇಳಬೇಕಿತ್ತು. ಒಬ್ಬರು ಸಿಂದಗಿ ಸಂತೆಗೆ ಹೋಗಿದ್ದರು. ಇನ್ನೊಬ್ಬರು ಹೊಲದಿಂದ ಬರುವುದು ಸಂಜೆ. ನನ್ನ ಬಸ್ಸು ಐದಕ್ಕೆ. ನೌಕರಿಗೆ ಸೇರಿದಂದಿನಿಂದ ನಾನು ಬಸ್ಸು ತಪ್ಪಿಸಿದವನಲ್ಲ. ಒಂದು ಶಿಸ್ತನ್ನು ಉಳಿಸಿಕೊಳ್ಳಲು ಇನ್ನೊಂದು ಶಿಸ್ತನ್ನು ಬಿಟ್ಟೆ.

ಬಿಟ್ಟದ್ದು ಸಾಲದೆಂದು, ಕುದುರೆ ಸುತ್ತಿದ ದಾರಿಯನ್ನು ಅಳೆದೇ ಬಿಡೋಣ ಎಂದು ಎದ್ದೆ. ಇಲ್ಲದ ಕುದುರೆಯ ನಡಿಗೆಯನ್ನು ಸರಕಾರಿ ಟೇಪಿನಿಂದ ಅಳೆದ ಮೋಜಣಿದಾರ ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ಲಾಲಸಾಬ ಬೇವಿನ ಗಿಡದ ಬುಡದಲ್ಲಿ ಟೇಪಿನ ತುದಿ ಹಿಡಿದು ನಿಂತ. ನಾನು ಟೇಪು ಬಿಚ್ಚುತ್ತ ಹಿಂದಕ್ಕೆ ಹಿಂದಕ್ಕೆ ನಡೆದೆ. ಹಿಂದೆ ನೋಡದೆ ಹಿಂದಕ್ಕೆ ನಡೆಯಬಾರದು ಎಂದು ಹೊಸಬರಿಗೆ ನೂರು ಸಲ ಹೇಳಿದವನು ನಾನೇ. ಹನ್ನೆರಡನೆಯ ಹೆಜ್ಜೆಗೆ ಕಾಲ ಕೆಳಗಿನ ನೆಲ ಮಾಯವಾಯಿತು.

ಕೆಳಗೆ ಬಿದ್ದು, ಬಾಯೊಳಗಿನ ಜೋಳದ ಹೊಟ್ಟು ಉಗುಳುತ್ತಿರುವಾಗ ಮೇಲಿಂದ ಬಸಗೊಂಡಪ್ಪನವರ ಕೂಗು ಕೇಳಿತು: "ಏ, ಓಡಿ ಬರ್ರೋ! ಸೋನವ್ವನ ಹಗೇವಿನ್ಯಾಗ ಸಾಹೇಬ ಬಿದ್ದಾನೋ!"

ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಳಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬೀಳುವುದು ಸುಲಭ, ಹತ್ತುವುದು ಆಗದು. ಮೇಲೆ ಒಂದು ಹೆಣ್ಣು ಮುಖ ಕಂಡಿತು, ಹಗ್ಗ ಇಳಿಯಿತು.

"ಹಿಡೀರಿ ಸಾಹೇಬ್ರ. ಎಮ್ಮೀ ಹಗ್ಗ ಐತಿ, ನಿಮ್ಮನ್ನ ತಡೀತೈತಿ, ಅಂಜಬ್ಯಾಡ್ರಿ."

ಸೋನವ್ವ, ಲಾಲಸಾಬ, ಬಸಗೊಂಡಪ್ಪ, ಮೂವರೂ ಸೇರಿ ಎಳೆದರು. ಸೋನವ್ವ ನೀರು ಕೊಟ್ಟಳು. "ಮೊನ್ನಿ ಬಾಯಿ ತಗದು ಜ್ವಾಳ ಹೊರಗ ಹಾಕೀನಿ, ನಿಮ್ಮ ನಸೀಬ ಚಲೋ ಐತಿ. ಆಗತಾನ ಬಾಯಿ ತಗದ ಹಗೇವು ಆಗಿದ್ರ ಒಳಗಿನ ಕೆಟ್ಟ ಗಾಳಿಗೇ ಹೋಗಿಬಿಡ್ತಿದ್ರಿ," ಎಂದಳು. ಎರಡು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ತಿನ್ನುತ್ತ ಅಭ್ಯಾಸಬಲದಿಂದ ಕೇಳಿದೆ, "ಈ ಹುಡೇವಿಂದು ನಿನಗೇನಾರ ಕಥಿ ಗೊತ್ತದೇನವಾ?"

"ಕಥಿ ಗಿತಿ ಏನಿಲ್ರಿ. ನಮ್ಮ ಹಿತ್ತಲ ಐತಿ. ಎಮ್ಮಿ ಕಟ್ಟತೇನಿ."

ಬರೆದುಕೊಳ್ಳುವಂಥದ್ದು ಏನಿಲ್ಲ ಎಂದು ಪುಸ್ತಕ ಮುಚ್ಚಿದೆ. ಬಸ್ಸು ಸಿಕ್ಕಿತು. ಬಸ್ಸಿನಲ್ಲಿ ಕೂತು, ತಲೆಯ ಹೊಟ್ಟು ಕೊಡವಿಕೊಳ್ಳುತ್ತ ದಿನಚರಿ ಬರೆದೆ. ದಿನಚರಿಯಲ್ಲಿ ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಹಾಸ್ಟೆಲಿನ ಊಟದ ಭಯ. ಪುಸ್ತಕದ ಮಾತು ಬೇರೆ. ಅದರಲ್ಲಿ 'ಬಿಳಿ ಕುದುರೆಯ ಸುತ್ತು' ಎಂಬ ಅಧ್ಯಾಯ ಬರೆದೆ. ಪುಸ್ತಕದಲ್ಲೇ ಉತ್ತಮವಾದದ್ದು. ನಾನು ಬಿದ್ದ ಸಂಗತಿ ಲೇಖಕನ ಘನತೆಗೆ ಒಪ್ಪುವಂತಿರಲಿಲ್ಲ. ಆದ್ದರಿಂದ ಹೀಗೆ ಬರೆದೆ: "ಹುಡೇವಿನ ಬಗಲಲ್ಲಿ ಪುರಾತನ ಸುರಂಗವೊಂದಿದ್ದು, ಲೇಖಕರು ಸ್ವತಃ ಒಳಗಿಳಿದು ಪರಿಶೀಲಿಸಿದ್ದಾರೆ."

ಇದಾಗಿ ಎಷ್ಟೋ ವರ್ಷ ಕಳೆದವು. ನಿವೃತ್ತನಾದೆ. ಬೆಳಿಗ್ಗೆ ಐದಕ್ಕೆ ಏಳುವುದು ಮಾತ್ರ ನಿವೃತ್ತವಾಗಲಿಲ್ಲ. ಹೋದ ವರ್ಷ ಒಂದು ದಿನ ಫೋನು ಬಂತು. ಸುಜಾತಾ ಎಂಬ ಹುಡುಗಿ, ಹೊಸ ಸರ್ವೇಯರ್.

"ಸರ್, ಕೋಟಿ, ಹುಡೇವು ಅಂತ ಪುಸ್ತಕ ಬರದವರು ನೀವೇನ್ರಿ?"

ನಾನು ಎದ್ದು ನಿಂತೆ. "ಹೌದು. ಓದೀರೇನು?"

"ಒಂದು ಅಧ್ಯಾಯ ಓದೀನ್ರಿ. ಮೂರು ಸಲ ಓದೀನಿ."

ಫೋನಿನ ಮೇಲೆ ಕೈ ಮುಚ್ಚಿ ಹೆಂಡತಿಯನ್ನು ಕರೆದೆ. "ಕೇಳಿಲ್ಲೆ, ಒಬ್ಬಾಕಿ ಮೂರು ಸಲ ಓದ್ಯಾಳಂತ!"

"ತಿಳೀಲಿಲ್ಲೇನೋ, ಪಾಪ," ಎಂದಳು ಒಳಗಿನಿಂದ.

"ಯಾವ ಅಧ್ಯಾಯ ಸುಜಾತಾ?"

"ಬಿಳಿ ಕುದುರೀದ್ರಿ ಸರ್. ಅದನ್ನ ಓದಿ ಇಲ್ಲೊಬ್ರು ಸುಣ್ಣದ ಗೆರಿ ಹಾಕ್ಯಾರ."

ಹೊಸಬರಿಗೆ ಇದು ಗೊತ್ತಿರುತ್ತದೆ, ಉಳಿದವರಿಗೆ ಹೇಳುತ್ತೇನೆ. ನಮ್ಮ ಕಾಲದಲ್ಲಿ ಹೊಲಗಳನ್ನು ಊರ ಅಂಚಿನವರೆಗೆ ಅಳೆದು ನಿಲ್ಲಿಸುತ್ತಿದ್ದೆವು. ಊರೊಳಗಿನ ಮನೆ, ಹಿತ್ತಲುಗಳಿಗೆ ನಕಾಶೆ ಇರಲಿಲ್ಲ. ಈಗ ಡ್ರೋನ್ ಹಾರಿಸಿ ಮನೆ ಮನೆಗೂ ನಕಾಶೆ ಮಾಡುತ್ತಾರೆ. ಹಾರಿಸುವ ಮುಂಚೆ ಪ್ರತಿಯೊಬ್ಬರೂ ತಮ್ಮ ಜಾಗದ ಸುತ್ತ ಸುಣ್ಣದ ಗೆರೆ ಹಾಕಬೇಕು. ಊರಿನ ಪಂಚರು ಒಪ್ಪಿ ಸಹಿ ಮಾಡಿದರೆ ಅದೇ ಗೆರೆ ಕಾಗದಕ್ಕೆ ಇಳಿಯುತ್ತದೆ. ಬಸಗೊಂಡಪ್ಪನವರ ಮಗ ಮಲ್ಲನಗೌಡ ಗೆರೆಯನ್ನು ಬೇವಿನ ಗಿಡದವರೆಗೆ ಎಳೆದಿದ್ದ. ಸೋನವ್ವನ ಇಡೀ ಹಿತ್ತಲು, ಹಗೇವು, ಎಮ್ಮೆಯ ಗೂಟ, ಎಲ್ಲ ಗೆರೆಯೊಳಗೆ. ಅವಳ ಹಿಂಬಾಗಿಲು ತೆರೆದರೆ ಇನ್ನೊಬ್ಬರ ಜಾಗ. ಕೇಳಿದವರಿಗೆ ಅವನು ನನ್ನ ಪುಸ್ತಕ ತೋರಿಸಿದ್ದ.

"ಪುಸ್ತಕ ನನಗ ದಾಖಲಿ ಅಲ್ರಿ ಸರ್," ಎಂದಳು ಸುಜಾತಾ. "ಆದರ ಸರಕಾರಿ ಮೋಜಣಿದಾರ ತಾನ ಅಳದು ಬರದಾನ ಅಂತ ಪಂಚರು ತಲಿ ಆಡಸಾಕತ್ತಾರ. ಅವರು ಸಹಿ ಮಾಡಿದ್ರಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ನಾಳೆ ಸಹಿ ಐತ್ರಿ."

ದಿನಚರಿಗಳನ್ನು ವರ್ಷವಾರು ಜೋಡಿಸಿಟ್ಟಿದ್ದೇನೆ. ಬೇಕಾದದ್ದು ಸಿಗಲು ಐದು ನಿಮಿಷ ಹಿಡಿಯಿತು. ಓದಿಕೊಂಡೆ. ಆಮೇಲೆ ಲಾಲಸಾಬನಿಗೆ ಫೋನು ಮಾಡಿದೆ.

ಮರುದಿನ ಬೆಳಿಗ್ಗೆ ಇಬ್ಬರು ಮುದುಕರು ಆ ಊರಿನಲ್ಲಿ ಬಸ್ಸಿಳಿದೆವು. ಹುಡೇವಿನ ಕೆಳಗೆ ಜನ ಸೇರಿತ್ತು. ಐವರು ಪಂಚರು ಚಾಪೆಯ ಮೇಲೆ. ಪಕ್ಕದ ಕುರ್ಚಿಯಲ್ಲಿ ಬಸಗೊಂಡಪ್ಪನವರು, ಎಂಬತ್ತೈದು ದಾಟಿದವರು, ಕಣ್ಣು ಮಂಜು, ಕಿವಿ ಚುರುಕು. ಸೋನವ್ವ ಬೇವಿನ ಗಿಡಕ್ಕೆ ಆತು ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳ ಕಾಲ ಬುಡದಲ್ಲೇ ಸುಣ್ಣದ ಗೆರೆ.

ಮಲ್ಲನಗೌಡ ನನಗೆ ಗೌರವದಿಂದ ನಮಸ್ಕಾರ ಮಾಡಿದ. "ಬರ್ರಿ ಸಾಹೇಬ್ರ, ಬರದವರೇ ಬಂದ್ರಿ, ಚಲೋ ಆತು." ಪುಸ್ತಕ ತೆರೆದು ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅವನು ಚೆನ್ನಾಗಿ ಓದಿದ. ಅಷ್ಟು ಜನ ಉಸಿರು ಬಿಗಿಹಿಡಿದು ನನ್ನ ವಾಕ್ಯಗಳನ್ನು ಕೇಳುತ್ತಿದ್ದುದು ಜೀವನದಲ್ಲಿ ಅದೇ ಮೊದಲು. ಕುದುರೆ ಜೂಲು ಕೊಡವುವ ಭಾಗ ಬಂದಾಗ ಪಂಚರೊಬ್ಬರು "ವಾಹ್" ಎಂದರು. ಎರಡು ಗಳಿಗೆ ನಾನು ಬಂದದ್ದು ಯಾಕೆ ಎಂಬುದೇ ಮರೆತುಹೋಯಿತು. ಲಾಲಸಾಬ ಮೊಣಕೈಯಿಂದ ತಿವಿದ.

ಓದು ಮುಗಿಯಿತು. ಸೋನವ್ವ ಕೇಳಿದಳು, "ಸಾಹೇಬ್ರ, ಇದನ್ನ ನೀವೇ ಬರದೀರಿ?"

"ಹೌದವಾ."

"ನನ್ನ ರೊಟ್ಟಿ ತಿನ್ನೂಕಿಂತ ಮೊದಲ ಬರದ್ರೋ, ತಿಂದ ಮ್ಯಾಲ ಬರದ್ರೋ?"

ನಾನು ಚೀಲದಲ್ಲಿ ದಿನಚರಿ ಹುಡುಕತೊಡಗಿದೆ. ಅವಳೇ ಮುಂದುವರಿಸಿದಳು. "ಓದಾಕ ನನಗ ಬರಂಗಿಲ್ಲ. ಇಷ್ಟು ಹೇಳ್ರಿ. ಗೆರಿ ಹಿಂಗ ಉಳೀತಂದ್ರ ಎಮ್ಮಿ ಎಲ್ಲಿ ಕಟ್ಟಲಿ? ನನ್ನ ತಲಿ ಮ್ಯಾಲ ಕಟ್ಟಿಕೊಳ್ಳಲೇನು?"

ನಾನು ಎದ್ದು ನಿಂತೆ. "ಪಂಚರೇ, ಪುಸ್ತಕದಾಗ ಇರೋದು ಒಬ್ಬರು ಹೇಳಿದ ಕಥಿ. ಮೂವರನ್ನ ಕೇಳಬೇಕಾಗಿತ್ತು, ಬಸ್ಸಿನ ಅವಸರಕ್ಕ ಕೇಳಲಿಲ್ಲ. ಅದರಾಗ ಸುರಂಗ ಅಂತ ಬರದೀನಿ. ಅದು ಸುರಂಗ ಅಲ್ಲ. ಅದೇ ದಿನ ಬರದ ನನ್ನ ದಿನಚರಿ ಓದ್ತೀನಿ, ಕೇಳ್ರಿ." ಕನ್ನಡಕ ಹಾಕಿಕೊಂಡು ಓದಿದೆ:

"ಹಿಂದೆ ನೋಡದೆ ನಡೆದು ಗುಳಿಯಲ್ಲಿ ಬಿದ್ದೆ. ಆಳ ಎಂಟು ಅಡಿ. ಹುಡೇವಿನ ಬುಡದಿಂದ ಹದಿನಾಲ್ಕು ಅಡಿ. ಬಸಗೊಂಡಪ್ಪ ಗೌಡರು, ಸೋನವ್ವನ ಹಗೇವಿನಲ್ಲಿ ಸಾಹೇಬ ಬಿದ್ದಾನೆ ಎಂದು ಕೂಗಿದರು. ಎಮ್ಮೆಯ ಹಗ್ಗ ಹಾಕಿ ಎಳೆದರು. ಧೋತರ ಹರಿದಿದೆ. ತಪ್ಪು ನನ್ನದೇ."

ಆಮೇಲೆ ಕುರ್ಚಿಯಿಂದ ಕೆಮ್ಮಿನಂಥ ಸದ್ದು ಬಂತು. ಬಸಗೊಂಡಪ್ಪನವರು ನಗುತ್ತಿದ್ದರು, ತೊಡೆ ತಟ್ಟಿಕೊಂಡು.

"ಹೌದೋ! ಬಿದ್ದಿದ್ದ! ಸೋನವ್ವನ ಹಗೇವಿನ್ಯಾಗ ಧಪ್ಪಂತ ಬಿದ್ದಿದ್ದ! ಮ್ಯಾಲ ಬರೀ ಟೋಪಿ ಉಳಿದಿತ್ತು!"

"ಅಪ್ಪಾ," ಎಂದ ಮಲ್ಲನಗೌಡ, ಮೆಲ್ಲಗೆ.

"ಏನ ಅಪ್ಪಾ? ನಾ ಎಳದೀನಿ ಇವನ್ನ. ಭಾಳ ಭಾರ ಇದ್ದ."

ಪಂಚರಲ್ಲಿ ಹಿರಿಯರು ಮುಂದೆ ಬಾಗಿದರು. "ಗೌಡ್ರ, ಹಗೇವು ಯಾರದ್ರಿ?"

"ಸೋನವ್ವಂದು. ಆಕಿ ಮಾವ ತೋಡಿಸಿದ್ದು. ಮತ್ಯಾರದು?"

"ಹಂಗಾದ್ರ ಕುದುರಿ?"

ಮುದುಕರು ಮಂಜುಗಣ್ಣಿನಿಂದ ನಾನಿದ್ದ ಕಡೆ ನೋಡಿದರು. ಮುಖದಲ್ಲಿ ತುಸು ನಾಚಿಕೆ ಇತ್ತು. "ಟೇಪು ಹಿಡ್ಕೊಂಡು ಬಂದು ಕೇಳಿದ. ಹೇಳಿದ್ನೆಪ್ಪ. ಬರಕೊಂತಾನಂತ ನನಗೇನ ಗೊತ್ತು?"

ಲಾಲಸಾಬ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವನ ದೊಡ್ಡತನ.

ಹಳೆಯ ಗೆರೆಯನ್ನು ಮಲ್ಲನಗೌಡನೇ ಕಾಲಿನಿಂದ ಅಳಿಸಿದ, ಮುಖ ಕೆಂಪಗೆ ಮಾಡಿಕೊಂಡು. ಹೊಸ ಗೆರೆಯನ್ನು ಸೋನವ್ವ ತಾನೇ ಹಾಕಿದಳು. ಹಗೇವನ್ನು ಬಳಸಿ, ಗೂಟವನ್ನು ಬಳಸಿ. ಗೆರೆ ನೇರವಿತ್ತು. ಪಂಚರು ಸಹಿ ಮಾಡಿದರು. ಸುಜಾತಾ ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡಳು: ಈ ಪುಸ್ತಕದ ಬಿಳಿ ಕುದುರೆಯ ಅಧ್ಯಾಯವನ್ನು ಯಾರೂ ನಂಬಬಾರದು, ಇಂತಿ ಲೇಖಕ. ಅದನ್ನು ಪುಸ್ತಕದ ಒಂದು ಪ್ರತಿಯ ಜೊತೆ ಫೈಲಿಗೆ ಹಚ್ಚಿದಳು. ಹೀಗೆ ನನ್ನ ಪುಸ್ತಕ ಸರಕಾರಿ ದಾಖಲೆಯಲ್ಲಿ ಶಾಶ್ವತ ಸ್ಥಾನ ಪಡೆಯಿತು.

ಕೋಟೆ, ಹುಡೇವುಗಳ ಕಥೆ ಬರೆಯಲು ಹೊರಟ ಹುಡುಗ ಹುಡುಗಿಯರು ಈಗ ಬಹಳ ಇದ್ದಾರೆ. ಟೇಪಿನ ಬದಲು ಮೊಬೈಲು ಹಿಡಿದಿರುತ್ತಾರೆ. ಅವರಿಗೆ ಹೇಳುವುದಿಷ್ಟೇ. ಕೈಯಲ್ಲಿರುವುದನ್ನು ಮೊದಲು ಚೀಲಕ್ಕೆ ಹಾಕಿ, ಆಮೇಲೆ ಕೇಳಿ. ಕಥೆ ಇಲ್ಲ ಎಂದವರ ಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿರಿ. ಬಸ್ಸು ನಾಳೆಯೂ ಬರುತ್ತದೆ.

ಕಳೆದ ತಿಂಗಳು ಮತ್ತೆ ಆ ಊರಿಗೆ ಹೋಗಿದ್ದೆ. ಹುಡೇವು ನೋಡಲು ಬಂದ ಪರ ಊರಿನವರಿಗೆ ಸೋನವ್ವ ತನ್ನ ಹಿತ್ತಲನ್ನು ತೋರಿಸುತ್ತಿದ್ದಳು. "ಇಲ್ಲೇ ನೋಡ್ರಿ, ಒಬ್ಬ ಮೋಜಣಿ ಸಾಹೇಬ ಕುದುರೀ ಅಳೀಲಿಕ್ಕೆ ಹೋಗಿ ಬಿದ್ದಿದ್ದ." ನಾನು ಗಿಡದ ಮರೆಯಲ್ಲೇ ನಿಂತು, ಅವರು ಹೋದ ಮೇಲೆ ಹೊರಗೆ ಬಂದೆ. ಅವಳು ರೊಟ್ಟಿ ಕೊಟ್ಟಳು. ಈ ಸಲ ನನಗೆ ಬಸ್ಸಿನ ಅವಸರವಿರಲಿಲ್ಲ. ನಿಯಮದ ಪ್ರಕಾರ ಊರಿನ ಮೂವರು ಹಿರಿಯರನ್ನು ಬೇರೆ ಬೇರೆ ಕೂರಿಸಿ, ಬರಿಗೈಯಲ್ಲಿ ಕೇಳಿದೆ. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಆಗದ್ದು ಈಗ ಆಯಿತು, ಮೂವರ ಮಾತೂ ಕೂಡಿತು: ಸಾಹೇಬ ಬಿದ್ದದ್ದು ನಿಜ, ಹಗೇವು ಸೋನವ್ವನದು. ಭಿನ್ನಾಭಿಪ್ರಾಯ ಇದ್ದದ್ದು ಆಳದ ಬಗ್ಗೆ ಮಾತ್ರ. ಒಬ್ಬರು ಹನ್ನೆರಡು ಅಡಿ ಎಂದರು, ಇನ್ನೊಬ್ಬರು ಇಪ್ಪತ್ತು. ಬಸಗೊಂಡಪ್ಪನವರು, ತಳವೇ ಇಲ್ಲ ಎಂದರು.